ಪ್ರಿಫ್ಲಾಪ್ ಪಣತಂತ್ರ: ಸಣ್ಣ ಮೊತ್ತದ ಹೋಲ್ಡೆಮ್ ಪೋಕರ್‌ನಲ್ಲಿ

ಟೆಕ್ಸಸ್ ಹೋಲ್ಡೆಮ್ ಪೋಕರ್‌ನಲ್ಲಿ ಪ್ರತಿಯೊಬ್ಬರಿಗೂ ಎರಡೆರಡು ಎಲೆ ಹಂಚಿದ ಮೇಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ ಬೀಳುವ ಮುನ್ನ ನಡೆಯುವ ಪಣದ ಸುತ್ತಿಗೆ ಪ್ರಿಫ್ಲಾಪ್ ಎಂದು ಹೆಸರು. ಆ ಮೂರು ಎಲೆಗಳೇ ಫ್ಲಾಪ್. ಅದರ ಹಿಂದೆ ಬರುವ ನಾಲ್ಕನೆಯದು ಟರ್ನ್, ಐದನೆಯದು ರಿವರ್. ಕೈಯಲ್ಲಿರುವ ಎರಡು, ಮೇಜಿನ ಮೇಲಿನ ಐದು, ಒಟ್ಟು ಏಳು ಎಲೆಗಳಲ್ಲಿ ಅತ್ಯುತ್ತಮ ಐದನ್ನು ಕೂಡಿಸಿದವರದು ಪಾಟ್, ಅಂದರೆ ಮೇಜಿನ ಮೇಲೆ ಸೇರಿದ ಪಣದ ಹಣ. ಉಳಿದವರೆಲ್ಲ ನಡುವೆಯೇ ಎಲೆ ಎಸೆದರೆ, ಕೊನೆಗೆ ಉಳಿದವರು ತೋರಿಸುವ ಗೋಜಿಲ್ಲದೆ ಹಣ ಬಾಚಿಕೊಳ್ಳುತ್ತಾರೆ.

ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಣ ಇಟ್ಟಿರಬೇಕು. ಹಂಚುವವರ ಗುರುತಾಗಿ ಮೇಜಿನ ಸುತ್ತ ತಿರುಗುವ ಬಟನ್ ಎಂಬ ಬಿಲ್ಲೆಯ ಎಡಕ್ಕಿರುವವರದು ಸಣ್ಣ ಬ್ಲೈಂಡ್, ಅವರ ಎಡಕ್ಕಿರುವವರದು ದೊಡ್ಡ ಬ್ಲೈಂಡ್. ಮೂರೆಲೆ ಆಡಿ ಬಲ್ಲವರು ಗೊಂದಲಗೊಳ್ಳಬಾರದು: ಎಲೆ ನೋಡದೆ ಆಡುವ ಅಲ್ಲಿನ ಬ್ಲೈಂಡಿಗೂ ಇದಕ್ಕೂ ಹೆಸರು ಬಿಟ್ಟರೆ ನಂಟಿಲ್ಲ. ಸರದಿ ಬಂದವರ ಮುಂದೆ ಮೂರು ದಾರಿ. ಎಲೆ ಎಸೆಯುವುದು ಫೋಲ್ಡ್. ಮೂರೆಲೆಯವರ ಮಾತಿನಲ್ಲಿ ಪ್ಯಾಕ್. ಇಟ್ಟಷ್ಟೇ ಇಡುವುದು ಕಾಲ್. ಹೆಚ್ಚಿಸುವುದು ರೈಸ್. ಯಾರೂ ರೈಸ್ ಮಾಡದಿದ್ದಾಗ ದೊಡ್ಡ ಬ್ಲೈಂಡಿನಷ್ಟನ್ನೇ ಇಟ್ಟು ಒಳಗೆ ತೂರಿಕೊಳ್ಳುವುದಕ್ಕೆ ಲಿಂಪ್ ಎನ್ನುತ್ತಾರೆ. ಹಾಗೆಂದರೆ ಕುಂಟುವುದು, ಹೆಸರೇ ಅದರ ಮರ್ಯಾದೆಯನ್ನು ಹೇಳುತ್ತದೆ.

ಸಣ್ಣ ಮೊತ್ತದ ಆಟವೆಂದರೆ ಅಮೆರಿಕದ ಕಾರ್ಡ್ ರೂಮುಗಳಲ್ಲಿ ಸಾಮಾನ್ಯವಾಗಿ 1 ಮತ್ತು 2 ಡಾಲರ್ ಅಥವಾ 1 ಮತ್ತು 3 ಡಾಲರ್ ಬ್ಲೈಂಡಿನ ಮೇಜು. ಆನ್‌ಲೈನ್‌ನಲ್ಲಿ ಇದು 1 ಸೆಂಟ್, 2 ಸೆಂಟಿನವರೆಗೂ ಇಳಿಯುತ್ತದೆ. ಈ ಲೇಖನದ ಲೆಕ್ಕಗಳೆಲ್ಲ ಒಂಬತ್ತು ಜನ ಕುಳಿತ, ಪ್ರತಿಯೊಬ್ಬರ ಮುಂದೆ 300 ಡಾಲರ್ ಚಿಪ್ಸ್ ಇರುವ 1/3 ಡಾಲರ್ ಮೇಜಿನವು. ಪಣಕ್ಕೆ ಮೇಲ್ಮಿತಿಯಿಲ್ಲದ ನೋ-ಲಿಮಿಟ್ ಆಟದವು.

ಹಿನ್ನೆಲೆ

ಹೋಲ್ಡೆಮ್ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಟೆಕ್ಸಸ್‌ನ ರಾಬ್ಸ್‌ಟೌನ್ ಎಂಬ ಊರಿನಲ್ಲಿ ಎಂದು ಆ ರಾಜ್ಯದ ಶಾಸನಸಭೆ 2007ರಲ್ಲಿ ನಿರ್ಣಯ ಮಾಡಿ ಮಾನ್ಯತೆ ಕೊಟ್ಟಿದೆ. 1960ರ ದಶಕದಲ್ಲಿ ಟೆಕ್ಸಸ್ ಜೂಜುಗಾರರ ಜೊತೆ ಅದು ಲಾಸ್ ವೇಗಸ್ ಸೇರಿತು. ಬಹುಕಾಲ ಸಣ್ಣ ಮೊತ್ತದ ಮೇಜುಗಳಲ್ಲಿ ನಡೆಯುತ್ತಿದ್ದದ್ದು ಲಿಮಿಟ್ ಹೋಲ್ಡೆಮ್. ಅಲ್ಲಿ ಪಣದ ಮೊತ್ತ ಮೊದಲೇ ನಿಗದಿ. ಎಷ್ಟೇ ಒಳ್ಳೆಯ ಎಲೆ ಬಂದರೂ ರೈಸ್ ಅಷ್ಟಕ್ಕಷ್ಟೇ ಆದ್ದರಿಂದ ಯಾರನ್ನೂ ಹೆದರಿಸಿ ಎಬ್ಬಿಸಲಾಗದು, ಆರೇಳು ಜನ ಒಟ್ಟಿಗೆ ಫ್ಲಾಪ್ ನೋಡುವುದು ಅಲ್ಲಿ ಮಾಮೂಲು. ಇಂಥ ಆಟಕ್ಕೆ ಆಡುವವರೇ ‘ನೋ ಫೋಲ್ಡೆಮ್ ಹೋಲ್ಡೆಮ್’ ಎಂದು ಅಡ್ಡಹೆಸರಿಟ್ಟಿದ್ದರು.

ಪ್ರಿಫ್ಲಾಪ್ ಕುರಿತ ಮೊದಲ ತಲೆಮಾರಿನ ಪಾಠಗಳು ಈ ಲಿಮಿಟ್ ಆಟದಿಂದಲೇ ಬಂದವು. ಡೇವಿಡ್ ಸ್ಕ್ಲಾನ್ಸ್ಕಿ 1976ರ ತಮ್ಮ ಕಿರುಪುಸ್ತಕದಲ್ಲಿ ಆರಂಭದ ಎಲೆಗಳನ್ನು ಗುಂಪು ಗುಂಪಾಗಿ ವಿಂಗಡಿಸಿದರು. 1988ರಲ್ಲಿ ಮೇಸನ್ ಮಾಲ್ಮುತ್ ಜೊತೆಗೂಡಿ ಬರೆದ ಗ್ರಂಥದಲ್ಲಿ ಮೊದಲ ಗುಂಪಿಗೆ ಸೇರಿದವು ಎಕ್ಕ, ರಾಜ, ರಾಣಿ, ಗುಲಾಮದ ಜೋಡಿಗಳು ಮತ್ತು ಒಂದೇ ಕಲರ್‌ನ (ಎರಡೂ ಇಸ್ಪೀಟು ಅಥವಾ ಎರಡೂ ಆಟೀನು ಎಂಬಂತೆ) ಎಕ್ಕ-ರಾಜ. ಸಣ್ಣ ಮೊತ್ತದ ಆಟವನ್ನೇ ಗುರಿಯಾಗಿಟ್ಟು ಲೀ ಜೋನ್ಸ್ 1994ರಲ್ಲೂ, ಎಡ್ ಮಿಲ್ಲರ್ ಮೇಲಿನ ಇಬ್ಬರೊಡನೆ 2004ರಲ್ಲೂ ಪುಸ್ತಕ ತಂದರು. ಅಷ್ಟರಲ್ಲಿ ಆಟವೇ ಬದಲಾಗಿತ್ತು. ಟೆನೆಸೀ ರಾಜ್ಯದ ಲೆಕ್ಕಿಗ ಕ್ರಿಸ್ ಮನಿಮೇಕರ್ ಆನ್‌ಲೈನ್ ಅರ್ಹತಾ ಪಂದ್ಯದ ಮೂಲಕ ಒಳಬಂದು, 2003ರ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯದಲ್ಲಿ 838 ಜನರನ್ನು ಹಿಂದಿಕ್ಕಿ 25 ಲಕ್ಷ ಡಾಲರ್ ಗೆದ್ದದ್ದೇ ತಡ, ಹೊಸಬರು ನೋ-ಲಿಮಿಟ್ ಮೇಜುಗಳಿಗೆ ಮುಗಿಬಿದ್ದರು. ಬಂದವರು ತಮ್ಮೊಡನೆ ಹಳೆಯ ಲಿಮಿಟ್ ಆಟದ ಚಾಳಿಯನ್ನೂ ತಂದರು: ಎರಡು ಎಲೆ ಸ್ವಲ್ಪ ಚೆನ್ನಾಗಿ ಕಂಡರೆ ಸಾಕು, ಫ್ಲಾಪ್ ನೋಡಿಯೇ ತೀರುವುದು.

ಎಲೆಗಳ ಲೆಕ್ಕ

52 ಎಲೆಗಳಲ್ಲಿ ಎರಡನ್ನು 1,326 ಬಗೆಯಲ್ಲಿ ಆರಿಸಬಹುದು. ಇಸ್ಪೀಟೋ ಆಟೀನೋ ಎಂಬ ಭೇದ ಬಿಟ್ಟರೆ ಇವು 169 ಬಗೆಯ ಕೈಗಳಾಗುತ್ತವೆ: 13 ಜೋಡಿಗಳು, ಒಂದೇ ಕಲರ್‌ನ 78, ಬೇರೆ ಬೇರೆ ಕಲರ್‌ನ 78. ಆದರೆ ಈ 169 ಸಮಸಮವಾಗಿ ಬರುವುದಿಲ್ಲ. ಒಂದು ಜೋಡಿ ಆರು ಬಗೆಯಲ್ಲಿ, ಒಂದೇ ಕಲರ್‌ನ ಕೈ ನಾಲ್ಕು ಬಗೆಯಲ್ಲಿ, ಬೇರೆ ಕಲರ್‌ನದು ಹನ್ನೆರಡು ಬಗೆಯಲ್ಲಿ ಮೂಡುತ್ತದೆ. ಎಕ್ಕದ ಜೋಡಿ ಬರುವುದು 221 ಸಲಕ್ಕೊಮ್ಮೆ. ಯಾವುದಾದರೊಂದು ಜೋಡಿ 17 ಸಲಕ್ಕೊಮ್ಮೆ. ಕಾರ್ಡ್ ರೂಮಿನಲ್ಲಿ ಗಂಟೆಗೆ ಸುಮಾರು 30 ಕೈ ಆಡುತ್ತಾರೆ. ಅಂದರೆ ಸಂಜೆ ಕುಳಿತು ರಾತ್ರಿ ಏಳುವವರೆಗೂ ಎಕ್ಕದ ಜೋಡಿಯ ಮುಖವನ್ನೇ ಕಾಣದೆ ಹೋಗುವುದರಲ್ಲಿ ವಿಶೇಷವೇನಿಲ್ಲ. ತಾಳ್ಮೆಗೆಟ್ಟು ಹಾಳಾಗುವವರ ಕಥೆ ಈ ಅಂಕಿಯಲ್ಲೇ ಇದೆ.

ಹೊಸಬರು ಅತಿಯಾಗಿ ಬೆಲೆ ಕಟ್ಟುವುದು ಒಂದೇ ಕಲರ್‌ನ ಎಲೆಗಳಿಗೆ. ಅಂಥ ಎರಡು ಎಲೆ ಹಿಡಿದವರಿಗೆ ಫ್ಲಾಪ್‌ನಲ್ಲೇ ಐದೂ ಒಂದೇ ಕಲರ್ ಆಗುವುದು 119ರಲ್ಲಿ ಒಂದು ಸಲ. ಇನ್ನೊಂದು ಎಲೆ ಬಂದರೆ ಆದೀತು ಎಂಬ ಸ್ಥಿತಿಗೆ ತಲುಪುವುದು ಶೇ. 11ರಷ್ಟು ಸಲ. ಒಬ್ಬನೇ ಎದುರಾಳಿಯ ಮುಂದೆ ಕಲರ್ ತರುವ ಹೆಚ್ಚುವರಿ ಬಲ ಶೇ. 2ರಿಂದ 3 ಅಂಶ ಮಾತ್ರ. ರಾಜ-ನಾಲ್ಕು ಒಂದೇ ಕಲರ್ ಆದ ಮಾತ್ರಕ್ಕೆ ಆಡುವ ಕೈ ಆಗಿಬಿಡುವುದಿಲ್ಲ.

ಎಸೆಯದವರ ಮೇಜು

ಪ್ರಿಫ್ಲಾಪ್ ಸಿದ್ಧಾಂತದ ಅರ್ಧ ಭಾಗ ನಿಂತಿರುವುದು ಎದುರಾಳಿ ಎಲೆ ಎಸೆಯುತ್ತಾನೆ ಎಂಬ ನಂಬಿಕೆಯ ಮೇಲೆ. ಸಣ್ಣ ಮೊತ್ತದ ಮೇಜಿನಲ್ಲಿ ಕುಳಿತವರು ಎಲೆ ಎಸೆಯಲು ಬಂದವರಲ್ಲ. ದಿನದ ದುಡಿಮೆ ಮುಗಿಸಿ, ಸೋತರೂ ಚಿಂತೆಯಿಲ್ಲದಷ್ಟು ಹಣ ಜೇಬಿನಲ್ಲಿಟ್ಟುಕೊಂಡು, ಆಡಲೆಂದೇ ಬಂದವರು. ಈ ಒಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಿದ್ಧಾಂತದ ಯಾವ ಭಾಗ ಉಳಿಯುತ್ತದೆ, ಯಾವುದು ಉದುರುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಮೊದಲು ಉದುರುವುದು ಬ್ಲೈಂಡ್ ಕದಿಯುವ ಆಟ. ಮೇಜಿನ ಮೇಲಿರುವ 4 ಡಾಲರಿಗಾಗಿ ಬಟನ್‌ನಿಂದ 9 ಡಾಲರ್ ರೈಸ್ ಮಾಡಿದರೆ, ಕೈಯಲ್ಲಿ ಏನೂ ಇಲ್ಲದಿದ್ದರೂ ನಷ್ಟವಾಗದಿರಲು ಇಬ್ಬರೂ ಒಟ್ಟಿಗೆ 13ರಲ್ಲಿ 9 ಸಲ, ಅಂದರೆ ಶೇ. 69ರಷ್ಟು ಸಲ ಎಲೆ ಎಸೆಯಬೇಕು. ಎಷ್ಟು ಇಟ್ಟರೂ ‘ನೋಡೇಬಿಡೋಣ’ ಎನ್ನುವವರು ಬ್ಲೈಂಡಿನಲ್ಲಿದ್ದರೆ ಈ ಲೆಕ್ಕ ಮುಂದೆ ಸಾಗದು. ಎದುರಾಳಿಯ ರೈಸ್ ಮೇಲೆ ಮತ್ತೆ ರೈಸ್ ಮಾಡಿ ಹೆದರಿಸುವ ತಂತ್ರದ ಗತಿಯೂ ಇದೇ. ಒಂದೇ ಕಲರ್‌ನ ಎಕ್ಕ-ಐದು ಹಿಡಿದು ಹಾಗೆ ಹೆದರಿಸುವುದನ್ನು ದೊಡ್ಡ ಆಟಗಾರರು ಮೆಚ್ಚುತ್ತಾರೆ. ಒಂದು ಎಕ್ಕ ನಮ್ಮ ಬಳಿ ಇದ್ದರೆ ಎದುರಾಳಿಗೆ ಎಕ್ಕದ ಜೋಡಿ ಬರುವ ಬಗೆಗಳು ಆರರಿಂದ ಮೂರಕ್ಕೆ ಇಳಿಯುತ್ತವೆ ಎಂಬುದು ಅದರ ತರ್ಕ. ತರ್ಕ ಸರಿ, ಮೇಜು ತಪ್ಪು.

ಉಳಿದುಕೊಳ್ಳುವುದು ಒಳ್ಳೆಯ ಕೈಗೆ ಹೆಚ್ಚು ಹಣ ಕಟ್ಟಿಸುವ ಆಟ. ಇಲ್ಲಿ ಒಂದು ಹಳೆಯ ದೂರನ್ನು ಇತ್ಯರ್ಥ ಮಾಡಬೇಕು. ‘ಎಲ್ಲರೂ ಕಾಲ್ ಮಾಡುತ್ತಾರೆ, ನನ್ನ ಎಕ್ಕದ ಜೋಡಿ ಒಡೆದುಹೋಗುತ್ತದೆ, ಇಂಥವರ ಜೊತೆ ಆಡಲಾಗದು’ ಎಂದು ಗೊಣಗುವವರು ಪ್ರತಿ ಮೇಜಿನಲ್ಲೂ ಒಬ್ಬರಾದರೂ ಇರುತ್ತಾರೆ. ದೂರಿನ ಮೊದಲರ್ಧ ನಿಜ. ಯಾವುದೋ ಎರಡು ಎಲೆ ಹಿಡಿದ ಒಬ್ಬನ ಎದುರು ಎಕ್ಕದ ಜೋಡಿ ರಿವರ್‌ವರೆಗೆ ಹೋದರೆ ಗೆಲ್ಲುವುದು ಶೇ. 85ರಷ್ಟು ಸಲ. ಇಬ್ಬರ ಎದುರು ಇದು 73ಕ್ಕೆ, ಮೂವರ ಎದುರು 64ಕ್ಕೆ, ನಾಲ್ವರ ಎದುರು 56ಕ್ಕೆ, ಐವರ ಎದುರು 49ಕ್ಕೆ ಇಳಿಯುತ್ತದೆ. ಆದರೆ ಗೆಲುವಿನ ಸಂಖ್ಯೆ ಬೇರೆ, ಗಳಿಕೆ ಬೇರೆ. ಪ್ರತಿಯೊಬ್ಬರೂ 15 ಡಾಲರ್ ಇಟ್ಟು, ಆಮೇಲೆ ಪಣವೇ ಇಲ್ಲ ಎಂದುಕೊಳ್ಳೋಣ. ಒಬ್ಬನೇ ಎದುರಾಳಿ ಇದ್ದರೆ ಪಾಟ್ 30 ಡಾಲರ್, ಅದರ ಶೇ. 85 ಎಂದರೆ 25.50. ನಮ್ಮ 15 ಕಳೆದರೆ ಸರಾಸರಿ ಲಾಭ 10.50. ನಾಲ್ವರಿದ್ದರೆ ಪಾಟ್ 75, ಅದರ ಶೇ. 56 ಎಂದರೆ 42. ಲಾಭ 27 ಡಾಲರ್. ಹೆಚ್ಚು ಸಲ ಸೋತು ಎರಡೂವರೆ ಪಟ್ಟು ಹೆಚ್ಚು ಗಳಿಸುವುದು ಮನಸ್ಸಿಗೆ ಒಗ್ಗುವ ಮಾತಲ್ಲ, ಅಂಕಿಗೆ ಒಗ್ಗುತ್ತದೆ. ಫ್ಲಾಪ್ ಆದ ಮೇಲೂ ಪಣ ನಡೆಯುತ್ತದೆ, ಜನ ಹೆಚ್ಚಿದ್ದಷ್ಟೂ ತಪ್ಪು ಹೆಜ್ಜೆಗೆ ಅವಕಾಶ ಹೆಚ್ಚು ಎಂಬುದು ಇದಕ್ಕಿರುವ ನ್ಯಾಯವಾದ ಆಕ್ಷೇಪ. ಅದು ಇನ್ನೂ ದೊಡ್ಡ ರೈಸ್ ಮಾಡಲು ಕಾರಣವಾದೀತೇ ಹೊರತು ಲಿಂಪ್ ಮಾಡಿ ಅಡಗಿ ಕೂರಲು ಅಲ್ಲ.

ರೈಸ್ ಎಷ್ಟು?

ಆನ್‌ಲೈನ್ ಆಟದಲ್ಲಿ ಮೊದಲ ರೈಸ್ ದೊಡ್ಡ ಬ್ಲೈಂಡಿನ ಎರಡೂವರೆಯಿಂದ ಮೂರು ಪಟ್ಟು ಇರುವುದು ರೂಢಿ. ಮುಖಾಮುಖಿ ಮೇಜಿನಲ್ಲಿ ಇದು ನಾಲ್ಕೈದು ಪಟ್ಟು. ಅದರ ಮೇಲೆ ಲಿಂಪ್ ಮಾಡಿದ ಪ್ರತಿಯೊಬ್ಬರಿಗೂ ಒಂದು ಬ್ಲೈಂಡಿನಷ್ಟು ಸೇರಿಸುತ್ತಾರೆ. ಮೂವರು ಲಿಂಪ್ ಮಾಡಿದ್ದರೆ 15ಕ್ಕೆ 9 ಕೂಡಿ 24 ಡಾಲರ್. ಕೆಲವು ಮೇಜುಗಳಲ್ಲಿ 15 ಇಟ್ಟರೂ ಐವರು, 20 ಇಟ್ಟರೂ ಐವರು ಬರುತ್ತಾರೆ. ಅಲ್ಲಿ 20 ಇಡುವುದೇ ಸರಿ. ಕೈಯ ಬಲಕ್ಕೆ ತಕ್ಕಂತೆ ಮೊತ್ತ ಬದಲಿಸಬಾರದು, ಬದಲಿಸಿದರೆ ಗುಟ್ಟು ರಟ್ಟಾಗುತ್ತದೆ ಎಂಬುದು ಶಾಸ್ತ್ರ. ಗಮನಿಸುವವರೇ ಇಲ್ಲದ ಮೇಜಿನಲ್ಲಿ ಆ ಶಾಸ್ತ್ರಕ್ಕೆ ಕಟ್ಟುಬೀಳುವವರು ಹಣ ಬಿಟ್ಟುಕೊಡುತ್ತಾರೆ.

ಮೊತ್ತ ನಿರ್ಧರಿಸುವುದು ಪ್ರಿಫ್ಲಾಪ್ ಸುತ್ತನ್ನಷ್ಟೇ ಅಲ್ಲ, ಮುಂದಿನ ಮೂರು ಸುತ್ತನ್ನೂ. ಮ್ಯಾಟ್ ಫ್ಲಿನ್, ಸನ್ನಿ ಮೆಹ್ತಾ, ಎಡ್ ಮಿಲ್ಲರ್ 2007ರ ತಮ್ಮ ಪುಸ್ತಕದಲ್ಲಿ ಮುಂದಿರುವ ಚಿಪ್ಸನ್ನು ಪಾಟ್‌ನಿಂದ ಭಾಗಿಸಿ ಬರುವ ಸಂಖ್ಯೆಯನ್ನೇ ಯೋಜನೆಯ ಕೇಂದ್ರಕ್ಕೆ ತಂದರು. ಬ್ಲೈಂಡಿನವರೂ ಸೇರಿ ಐವರು ತಲಾ 3 ಡಾಲರ್ ಇಟ್ಟು 15 ಡಾಲರ್ ಪಾಟ್ ಆಗಿದ್ದರೆ ಉಳಿದ 297 ಅದರ ಸುಮಾರು 20 ಪಟ್ಟು. ಅಷ್ಟು ದೂರದ ದಾರಿಯಲ್ಲಿ ಒಂದೇ ಜೋಡಿಯನ್ನು ನೆಚ್ಚಿ ಎಲ್ಲವನ್ನೂ ಒಡ್ಡುವುದು ಅಪಾಯ. ಅದೇ ಐವರು 15 ಡಾಲರ್ ರೈಸಿಗೆ ಬಂದು 75ರ ಪಾಟ್ ಆಗಿದ್ದರೆ ಉಳಿದ 285 ಅದರ ನಾಲ್ಕು ಪಟ್ಟಿಗೂ ಕಡಿಮೆ. ಎಕ್ಕ ಅಥವಾ ರಾಜದ ಜೋಡಿಗೆ ಅದು ಆರಾಮದ ದೂರ.

ಎಲೆ ನೋಡುವ ಮೊದಲೇ ದೊಡ್ಡ ಬ್ಲೈಂಡಿನ ಎರಡು ಪಟ್ಟು ತಾವಾಗಿಯೇ ಇಡುವ ಸ್ಟ್ರಾಡಲ್ ಎಂಬ ಉತ್ಸಾಹವೂ ಈ ಮೇಜುಗಳಲ್ಲಿದೆ. ಅದರಿಂದ 100 ಬ್ಲೈಂಡಿನ ಚಿಪ್ಸ್ 50 ಬ್ಲೈಂಡಿನಷ್ಟೇ ಆಗುತ್ತದೆ. ಇಟ್ಟವರಿಗೆ ಲಾಭವಿಲ್ಲ, ಮೇಜಿಗೆ ಮಜಾ ಇದೆ.

ಸ್ಥಾನ ಮತ್ತು ಆಯ್ಕೆ

ಫ್ಲಾಪ್ ನಂತರ ಪ್ರತಿ ಸುತ್ತಿನಲ್ಲೂ ಕೊನೆಗೆ ಮಾತಾಡುವವರು ಬಟನ್‌ನಲ್ಲಿರುವವರು. ಉಳಿದವರು ಏನು ಮಾಡಿದರು ಎಂದು ನೋಡಿ ನಿರ್ಧರಿಸುವ ಸೌಲಭ್ಯ ಅವರದು. ಹಾಗಾಗಿ ದೊಡ್ಡ ಬ್ಲೈಂಡಿನ ಎಡಪಕ್ಕದಲ್ಲಿ ಮೊದಲು ಮಾತಾಡಬೇಕಾದವರು ಆಡುವ ಕೈಗಳು ಕಡಿಮೆ, ಬಟನ್‌ನಲ್ಲಿರುವವರು ಆಡುವವು ಹಲವು ಪಟ್ಟು. ಮೊದಲ ಸ್ಥಾನದಿಂದ ಎಲ್ಲ ಜೋಡಿಗಳು, ಎಕ್ಕ-ರಾಜ, ಎಕ್ಕ-ರಾಣಿ, ಒಂದೇ ಕಲರ್‌ನ ಎಕ್ಕ-ಗುಲಾಮ, ಎಕ್ಕ-ಹತ್ತು, ರಾಜ-ರಾಣಿ ಇಷ್ಟನ್ನೇ ಆಡಿದರೆ 1,326ರಲ್ಲಿ 122 ಬಗೆ, ಅಂದರೆ ಶೇ. 9ರಷ್ಟಾಯಿತು. ಹತ್ತರಲ್ಲಿ ಒಂಬತ್ತು ಸಲ ಎಲೆ ಎಸೆದು ಸುಮ್ಮನೆ ಕೂರಬೇಕು ಎಂದರ್ಥ.

ಕೂರಲಾಗದವರನ್ನು ಹಿಡಿಯುವ ಬಲೆ ಒಂದಿದೆ: ನೋಡಲು ಚೆಂದದ, ಒಳಗೆ ಟೊಳ್ಳಾದ ಕೈಗಳು. ಬೇರೆ ಕಲರ್‌ನ ರಾಜ-ಗುಲಾಮ, ಎಕ್ಕ-ಒಂಬತ್ತು ಈ ಜಾತಿಯವು. ಎದುರಾಳಿಯ ಬಳಿ ಎಕ್ಕ-ರಾಜ ಇದ್ದರೆ ಇವು ಗೆಲ್ಲುವುದು ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಸಲ. ಕೆಟ್ಟದ್ದೇನೆಂದರೆ, ಫ್ಲಾಪ್‌ನಲ್ಲಿ ಇಬ್ಬರ ಬಳಿಯೂ ಇರುವ ರಾಜ ಅಥವಾ ಎಕ್ಕ ಬಿದ್ದಾಗ ಎರಡೂ ಕಡೆಯವರಿಗೆ ಜೋಡಿಯಾಗುತ್ತದೆ. ಸೋಲುವವರಿಗೆ ಸೋಲುತ್ತಿದ್ದೇವೆಂದು ಕೊನೆಯವರೆಗೂ ತಿಳಿಯುವುದಿಲ್ಲ. ಏಳು-ಎರಡು ಹಿಡಿದವರು ಕಳೆಯುವುದು ಅಪರೂಪ, ಏಕೆಂದರೆ ಅವರು ಎಸೆಯುತ್ತಾರೆ. ಜನ ದಿವಾಳಿಯಾಗುವುದು ರಾಜ-ಗುಲಾಮದಿಂದ.

ಸಣ್ಣ ಜೋಡಿಗಳ ಲೆಕ್ಕ ಬೇರೆ. ಐದರ ಜೋಡಿ ಹಿಡಿದವರು ಕಾಯುವುದು ಮೂರನೆಯ ಐದಕ್ಕೆ. ಫ್ಲಾಪ್‌ನಲ್ಲಿ ಅದು ಸಿಗುವುದು ಶೇ. 11.8ರಷ್ಟು ಸಲ, ಎಂಟೂವರೆಗೆ ಒಂದರಂತೆ. 15 ಡಾಲರ್ ರೈಸಿಗೆ ಕಾಲ್ ಮಾಡಿದರೆ, ಸಿಕ್ಕಾಗಲೆಲ್ಲ ಸರಾಸರಿ 112 ಡಾಲರ್ ಗೆದ್ದರೆ ಮಾತ್ರ ಸರಿಸಮ. ಸಿಕ್ಕರೂ ಕೆಲವೊಮ್ಮೆ ಎದುರಾಳಿ ಹಣ ಕೊಡುವುದಿಲ್ಲ, ಕೆಲವೊಮ್ಮೆ ಅವನಿಗೆ ಇನ್ನೂ ದೊಡ್ಡದು ಸಿಕ್ಕಿರುತ್ತದೆ. ಆದ್ದರಿಂದ ಎದುರಾಳಿಯ ಮುಂದೆ ಕಾಲ್ ಮೊತ್ತದ 15ರಿಂದ 20 ಪಟ್ಟು ಚಿಪ್ಸ್ ಇರಬೇಕೆಂಬುದು ಅನುಭವದ ಸೂತ್ರ. 100 ಡಾಲರ್ ಇಟ್ಟು ಕುಳಿತವನ ರೈಸಿಗೆ ಐದರ ಜೋಡಿ ಹಿಡಿದು ಹಿಂದೆ ಹೋಗುವುದು ಖಾಲಿ ಬಾವಿಗೆ ಬಿಂದಿಗೆ ಇಳಿಸಿದಂತೆ.

ಇನ್ನು, ಮರು-ರೈಸ್ ಬಂದಾಗ ಏನು? ಸಣ್ಣ ಮೊತ್ತದ ಮೇಜಿನಲ್ಲಿ ಇಡೀ ಸಂಜೆ ಬರೀ ಕಾಲ್ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ರೈಸ್ ಮೇಲೆ ರೈಸ್ ಮಾಡಿದರೆ ನಂಬಬೇಕು. ಅವರ ಬಳಿ ಎಕ್ಕದ ಜೋಡಿ, ರಾಜದ ಜೋಡಿ ಅಥವಾ ಎಕ್ಕ-ರಾಜ ಇದೆ ಎಂದುಕೊಂಡರೆ ಒಟ್ಟು 28 ಬಗೆ. ಅದರಲ್ಲಿ 16 ಎಕ್ಕ-ರಾಜ. ನಮ್ಮ ರಾಣಿ ಜೋಡಿಯ ಗೆಲುವಿನ ಪಾಲು ಸುಮಾರು ಶೇ. 40. ಎಕ್ಕ-ರಾಜ ಹಿಡಿದು ಬರೀ ಕಾಲ್ ಮಾಡುವ ಜಾತಿಯವರು ಅವರಾಗಿದ್ದರೆ ಆ ಪಾಲು ಶೇ. 18ರ ಆಸುಪಾಸಿಗೆ ಕುಸಿಯುತ್ತದೆ. ರಾಣಿ ಜೋಡಿಯನ್ನು ಫ್ಲಾಪ್‌ಗೆ ಮುನ್ನವೇ ಎಸೆಯುವುದು ಪುಸ್ತಕದಲ್ಲಿ ಹೇಡಿತನ, ಇಲ್ಲಿ ಹಲವು ಸಲ ಉಳಿತಾಯ.

ಬ್ಲೈಂಡ್ ಇಟ್ಟವರಿಗೆ ಆಮಿಷ ಹೆಚ್ಚು. 15 ಡಾಲರ್ ರೈಸಿಗೆ ಇಬ್ಬರು ಕಾಲ್ ಮಾಡಿ ಸರದಿ ದೊಡ್ಡ ಬ್ಲೈಂಡಿಗೆ ಬಂದಾಗ ಪಾಟ್‌ನಲ್ಲಿ 49 ಡಾಲರ್ ಇರುತ್ತದೆ, ಸೇರಿಸಬೇಕಾದ್ದು 12 ಮಾತ್ರ. ಐದರಲ್ಲಿ ಒಂದು ಸಲ ಗೆದ್ದರೂ ಸಾಕೆಂದು ಅಂಕಿ ಹೇಳುತ್ತದೆ. ಮುಂದಿನ ಮೂರೂ ಸುತ್ತಿನಲ್ಲಿ ಮೊದಲು ಮಾತಾಡಬೇಕು ಎಂಬುದನ್ನು ಅಂಕಿ ಹೇಳುವುದಿಲ್ಲ.

ರೇಕ್

ಪ್ರತಿ ಪಾಟ್‌ನಿಂದ ಆಟ ನಡೆಸುವವರು ಕತ್ತರಿಸುವ ಪಾಲಿಗೆ ರೇಕ್ ಎನ್ನುತ್ತಾರೆ. ಶೇ. 10, ಗರಿಷ್ಠ 5 ಡಾಲರ್ ಆಸುಪಾಸು ಎಂಬುದು ಅಮೆರಿಕದಲ್ಲಿ ಸಾಮಾನ್ಯ. ಕೈಗೆ ಸರಾಸರಿ 4 ಡಾಲರ್ ಎಂದಿಟ್ಟುಕೊಂಡರೆ 30 ಕೈಗೆ 120; ಒಂಬತ್ತು ಜನರಿಗೆ ಹಂಚಿದರೆ ತಲೆಗೆ ಗಂಟೆಗೆ 13 ಡಾಲರ್, ನಾಲ್ಕು ದೊಡ್ಡ ಬ್ಲೈಂಡಿಗೂ ಹೆಚ್ಚು. ಮೇಜಿನಲ್ಲಿರುವ ಎಲ್ಲರೂ ಸಮಬಲದವರಾದರೆ ಎಲ್ಲರೂ ಸೋಲುತ್ತಾರೆ. ದೊಡ್ಡ ಮೊತ್ತದ ಆಟದಲ್ಲಿ ಈ ಗರಿಷ್ಠ ಮಿತಿ ಬ್ಲೈಂಡಿನ ಮುಂದೆ ಏನೂ ಅಲ್ಲ. ಸಣ್ಣ ಆಟದಲ್ಲಿ ಅದೇ ಅತಿ ಬಲಿಷ್ಠ ಎದುರಾಳಿ. ಅಲ್ಪಲಾಭದ ಕಾಲ್‌ಗಳನ್ನು ಅದು ನುಂಗಿಹಾಕುವುದರಿಂದ ಇಲ್ಲಿ ಆಡುವ ಕೈಗಳು ಇನ್ನಷ್ಟು ಬಿಗಿಯಾಗಿರಬೇಕು. ಫ್ಲಾಪ್ ಬೀಳದೆ ಮುಗಿದ ಕೈಗೆ ಹಲವು ಕಡೆ ರೇಕ್ ಇಲ್ಲ ಎಂಬುದು ರೈಸ್ ಮಾಡುವವರ ಪರವಾಗಿರುವ ಸಣ್ಣ ರಿಯಾಯಿತಿ.

ಕಂಪ್ಯೂಟರ್ ಹೇಳಿದ್ದು

2019ರಲ್ಲಿ ನೋಮ್ ಬ್ರೌನ್ ಮತ್ತು ಟುವೊಮಾಸ್ ಸ್ಯಾಂಡ್‌ಹೋಮ್ ‘ಸೈನ್ಸ್’ ಪತ್ರಿಕೆಯಲ್ಲಿ ಪ್ಲುರಿಬಸ್ ಎಂಬ ಪ್ರೋಗ್ರಾಮನ್ನು ಪ್ರಕಟಿಸಿದರು. ಆರು ಜನರ ನೋ-ಲಿಮಿಟ್ ಆಟದಲ್ಲಿ ಅದು ವೃತ್ತಿಪರರನ್ನು ಮೀರಿಸಿತ್ತು. ಮನುಷ್ಯರ ಆಟದ ದಾಖಲೆಯನ್ನು ನೋಡದೆ ತನ್ನೊಡನೆ ತಾನೇ ಆಡಿ ಕಲಿತ ಅದು, ಸಣ್ಣ ಬ್ಲೈಂಡಿನವರನ್ನು ಬಿಟ್ಟು ಬೇರೆ ಯಾರೂ ಲಿಂಪ್ ಮಾಡುವುದು ಲಾಭಕರವಲ್ಲ ಎಂಬ ಹಳಬರ ಮಾತನ್ನೇ ಎತ್ತಿಹಿಡಿಯಿತು. ಆದರೆ ಪ್ಲುರಿಬಸ್ ಆಡಿದ್ದು ಎಲೆ ಎಸೆಯಬಲ್ಲವರ ಜೊತೆ. ಮುಂದೆ ಮೂವರು ಆಗಲೇ ಲಿಂಪ್ ಮಾಡಿರುವ ಮೇಜಿನಲ್ಲಿ ನಾಲ್ಕರ ಜೋಡಿ ಹಿಡಿದವರು 3 ಡಾಲರ್ ಇಟ್ಟು ಹಿಂದೆ ಸೇರಿಕೊಳ್ಳುವುದನ್ನು ಆ ತೀರ್ಪು ತಡೆಯುವುದಿಲ್ಲ. ಈಗ ಯಾರು ಬೇಕಾದರೂ ಕೊಳ್ಳಬಹುದಾದ, ಅತ್ಯುತ್ತಮ ಆಟವನ್ನು ಲೆಕ್ಕಹಾಕುವ ಸಾಲ್ವರ್ ತಂತ್ರಾಂಶಗಳ ಪಟ್ಟಿಗಳನ್ನು ಬಾಯಿಪಾಠ ಮಾಡಿ 1/3 ಮೇಜಿಗೆ ಬರುವವರ ತೊಡಕೂ ಇದೇ: ಪಟ್ಟಿಯಲ್ಲಿರುವ ಎದುರಾಳಿ ಆ ಮೇಜಿನಲ್ಲಿ ಕುಳಿತಿಲ್ಲ.

ಭಾರತದಲ್ಲಿ

ಪೋಕರ್ ಕೌಶಲದ ಆಟವೋ ಅದೃಷ್ಟದ್ದೋ ಎಂಬ ವಾದದಲ್ಲಿ ಪ್ರಿಫ್ಲಾಪ್‌ಗೆ ನೇರ ಪಾತ್ರವಿದೆ. ಎಲೆ ತೋರಿಸದೆಯೇ ಮುಗಿಯುವ ಕೈಗಳಲ್ಲಿ ಗೆದ್ದದ್ದು ಎಲೆಯಲ್ಲ, ನಿರ್ಧಾರ ಎಂಬುದು ಕೌಶಲವಾದಿಗಳ ಮುಖ್ಯ ಆಧಾರ. ಪಶ್ಚಿಮ ಬಂಗಾಳದ 1957ರ ಕಾಯಿದೆ ಬ್ರಿಜ್, ರಮ್ಮಿಯ ಜೊತೆ ಪೋಕರ್ ಹೆಸರನ್ನೂ ಬರೆದು ಜೂಜಿನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಗುಜರಾತ್ ಹೈಕೋರ್ಟ್ 2017ರಲ್ಲಿ ಇದು ಜೂಜೇ ಎಂದಿತು. ಕರ್ನಾಟಕ ಹೈಕೋರ್ಟ್ 2013ರಲ್ಲಿ ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಪರವಾನಗಿಯ ಅಗತ್ಯವಿಲ್ಲವೆಂಬ ನಿಲುವು ತಳೆಯಿತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ರಾಜ್ಯ ಸರ್ಕಾರ 2021ರಲ್ಲಿ ತಂದ ಪೊಲೀಸ್ ಕಾಯಿದೆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅದೇ ನ್ಯಾಯಾಲಯ 2022ರ ಫೆಬ್ರವರಿ 14ರಂದು ರದ್ದುಗೊಳಿಸಿತು. ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣವಿಟ್ಟು ಆಡುವ ಆನ್‌ಲೈನ್ ಆಟವನ್ನು ಅದು ಕೌಶಲ, ಅದೃಷ್ಟವೆಂಬ ಭೇದವಿಲ್ಲದೆ ನಿಷೇಧಿಸುತ್ತದೆ. ಪಣ ಸಣ್ಣದೋ ದೊಡ್ಡದೋ ಎಂಬ ಭೇದವನ್ನೂ ಆ ಕಾಯಿದೆ ಮಾಡಿಲ್ಲ.